ಕೊನೆಯ ಅಧ್ಯಾಯ ಮೊದಲು ಓದುವವರ ವರ್ಷದ ಪಟ್ಟಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ನಮ್ಮ ವಿಮರ್ಶಕರನ್ನು ಕೇಳಿದರೆ ಕೊನೆಯಿಂದ ಎನ್ನುತ್ತಾರೆ. ಅವರು ಪುಸ್ತಕ ಓದುವುದೇ ಹಾಗೆ: ಮೊದಲು ಕೊನೆಯ ಅಧ್ಯಾಯ, ಆಮೇಲೆ ಬೆನ್ನುಡಿ, ಪುರುಸೊತ್ತಿದ್ದರೆ ಮೊದಲ ಅಧ್ಯಾಯ. ನಡುವಿನದೆಲ್ಲ ಲೇಖಕರ ಖಾಸಗಿ ವಿಷಯವೆಂದು ಗೌರವಿಸಿ ಬಿಟ್ಟುಬಿಡುತ್ತಾರೆ. (ನಗಬೇಡಿ. ನಿಮ್ಮ ದಿಂಬಿನ ಪಕ್ಕದ ಪುಸ್ತಕದಲ್ಲಿ ಬಸ್ ಟಿಕೆಟ್ ಯಾವ ಪುಟದಲ್ಲಿ ನಿಂತುಹೋಗಿದೆ ಅಂತ ನನಗೂ ಗೊತ್ತು.)

೧, ಮತ್ತೊಮ್ಮೆ, ಸರಿಯಾಗಿ

ಡಿಸೆಂಬರ್ ಮಧ್ಯಾಹ್ನ. ವಿಮರ್ಶಕರು ಊಟದ ಮೇಜಿನ ಮೇಲೆ ವರ್ಷದ ಪುಸ್ತಕಗಳನ್ನು ರಾಶಿ ಹಾಕಿಕೊಂಡು ಕೂತಿದ್ದಾರೆ. ಮೇಜಿನ ಆ ತುದಿಯಲ್ಲಿ ಅವರ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಾರೆ. ವಾರಪತ್ರಿಕೆಯ ಸಂಪಾದಕಿ ಬೆಳಿಗ್ಗೆಯೇ ಫೋನ್ ಮಾಡಿದ್ದರು.

"ಸರ್, ಮೆಚ್ಚಿದ ಪುಸ್ತಕ ಎಲ್ರೂ ಬರೀತಾರೆ. ಈ ಸಲ ಮೆಚ್ಚದೇ ಇರೋದೂ ಒಂದು ಬೇಕು. ಜನ ಓದೋದೇ ಅದನ್ನ. ಸಂಜೆಯೊಳಗೆ ಕಳಿಸ್ಬಿಡಿ."

ಮೆಚ್ಚಿದ್ದನ್ನು ಆರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾವೇ ಮುನ್ನುಡಿ ಬರೆದದ್ದು ಒಂದು. ಪ್ರಶಸ್ತಿ ಸಮಿತಿಯಲ್ಲಿರುವವರದು ಇನ್ನೊಂದು. ಬೇರೆ ಯಾರೂ ಓದಿರಲಾರರು ಎಂಬ ಭರವಸೆಯಿಂದ ಒಂದು ದಪ್ಪ ಕಾದಂಬರಿ. ಕಷ್ಟವಾದದ್ದು ಮೆಚ್ಚದ ಪುಸ್ತಕ. ಇದರ ಲೇಖಕ ಇದೇ ಕಟ್ಟಡದವನು, ದಿನಾ ಲಿಫ್ಟಿನಲ್ಲಿ ಸಿಗುತ್ತಾನೆ. ಅದರ ಲೇಖಕಿಗೆ ನಾಲಿಗೆ ಉದ್ದ. ಕೊನೆಗೆ ರಾಶಿಯ ತಳದಿಂದ ಅವರು ಎಳೆದದ್ದು ಸ್ವಂತ ಅಕ್ಕನ ಪುಸ್ತಕವನ್ನು.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಅಕ್ಕ ಬರೆದ ಮೊದಲ ಪುಸ್ತಕ, ಬಾಲ್ಯದ ನೆನಪುಗಳು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಇದೇ ಅಕ್ಕ. ಆದರೆ ಕೊನೆಯ ಅಧ್ಯಾಯದಲ್ಲಿ ತಮ್ಮನಿಲ್ಲ. ಮೊದಲ ಅಧ್ಯಾಯದಲ್ಲೂ ಇಲ್ಲ. ಕೃತಜ್ಞತೆಯಲ್ಲಿ ಕನ್ನಡಕದ ಅಂಗಡಿಯವನಿಗೂ ಜಾಗವಿದೆ, ಒಡಹುಟ್ಟಿದವನ ಸುದ್ದಿಯೇ ಇಲ್ಲ. ವಿಮರ್ಶಕರು ಲ್ಯಾಪ್‌ಟಾಪ್ ತೆರೆದು ಕುಟ್ಟಿದರು: 'ವರ್ಷದ ಅತ್ಯಂತ ನಿರಾಶಾದಾಯಕ ಕೃತಿ. ಪ್ರಾಮಾಣಿಕತೆಯ ಕೊರತೆ ಪುಟಪುಟದಲ್ಲೂ ಎದ್ದು ಕಾಣುತ್ತದೆ.'

(ಪುಟಪುಟದಲ್ಲೂ! ಆ ಧೈರ್ಯ ನೋಡಿ.)

೨ (ಹರಿದು ಹಾಕಿದ್ದು)

ಈ ಭಾಗವನ್ನು ವಿಮರ್ಶಕರೇ ಹೇಳಿ ಬರೆಸಲು ನೋಡಿದರು.

"ಅಕ್ಕನಿಗೆ ನನ್ನ ಹೆಸರು ಕಂಡ್ರೆ ಹೊಟ್ಟೆಕಿಚ್ಚು ಅಂತ ಬರೀರಿ."

"ಸಾಕ್ಷಿ?" ಎಂದೆ.

"ವಿಮರ್ಶೆಗೆ ಯಾಕ್ರೀ ಸಾಕ್ಷಿ?"

"ಇದು ಕಥೆ ಸ್ವಾಮಿ. ಇಲ್ಲಿ ಬೇಕಾಗುತ್ತೆ."

ಅವರು ಮುಖ ಊದಿಸಿಕೊಂಡರು. ನಾನೂ ಬಿಡಲಿಲ್ಲ. ಅವರು ಮುಚ್ಚಿಡಬೇಕೆಂದಿದ್ದ ಒಂದು ಫೋನ್ ಕರೆಯನ್ನು ಇಲ್ಲೇ ಸೇರಿಸುತ್ತಿದ್ದೇನೆ. ಪುಸ್ತಕ ಕೈಗೆ ಬಂದ ವಾರ ಅಕ್ಕ ಮಾಡಿದ್ದು.

"ಓದಿದ್ಯೇನೋ?"

"ಓದಿದೆ ಅಕ್ಕಾ."

"ಪೂರ್ತಿ?"

"ಪೂರ್ತಿ."

"ಏನೂ ಅನ್ನಿಸ್ಲಿಲ್ವಾ?"

"ಮುಖಪುಟ ಚೆನ್ನಾಗಿ ಬಂದಿದೆ."

"ಹೂಂ," ಅಂದಳು ಅಕ್ಕ. ಹೊಗಳಿಕೆಗೆ ಕಾಯುತ್ತಿದ್ದಾಳೆ ಎಂದುಕೊಂಡು ಇವರು ಫೋನ್ ಇಟ್ಟರು. ಆಮೇಲೆ ಅಕ್ಕ ಕರೆ ಮಾಡಿಲ್ಲ.

೩

"ರೀ, ಅದನ್ನ ಕಳಿಸ್ತೀರಾ?" ಪರದೆಯತ್ತ ಬಗ್ಗಿ ನೋಡಿ ಹೆಂಡತಿ ಕೇಳಿದರು.

"ವಿಮರ್ಶೆಯಲ್ಲಿ ಅಕ್ಕ ತಮ್ಮ ಅಂತ ಇಲ್ಲ ಕಣೇ."

"ಅದಿರ್ಲಿ. ಪುಸ್ತಕ ಓದಿದ್ದೀರಾ?"

"ನೋಡಿದ್ದೀನಿ."

"ನೋಡೋಕೆ ಅದೇನು ಟೀವೀನಾ?"

(ಈ ಮನೆಯಲ್ಲಿ ಪುಸ್ತಕ ಓದುವವರು ಹೆಂಡತಿ. ಅಭಿಪ್ರಾಯ ಇರುವುದು ಗಂಡನಿಗೆ. ಸಂಸಾರ ಹೀಗೇ ಸುಸೂತ್ರವಾಗಿ ಸಾಗಿದೆ.)

ಅವರು ಪುಸ್ತಕ ಎಳೆದುಕೊಂಡು, ನಡುವಿನ ಒಂದು ಪುಟ ತೆರೆದು, ಮುಚ್ಚಿಹೋಗದಂತೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಗಂಡನ ಮುಂದಿಟ್ಟರು.

"ನೀವೇ ಓದಿ ಹೇಳ್ತೀರೇನೋ ಅಂತ ಇಷ್ಟು ದಿನ ಕಾದೆ. ಓದಿ. ಆಮೇಲೆ ಕಳಿಸೋದಿದ್ರೆ ಕಳಿಸಿ, ನಾನು ಅಡ್ಡ ಬರಲ್ಲ."

೪

ಅಕ್ಕ ಬರೆದದ್ದು:

'ನನ್ನ ತಮ್ಮನಿಗೆ ಕಥೆ ಹೇಳುವುದು ಕಷ್ಟ. ಶುರುಮಾಡುವ ಮೊದಲೇ ಕೊನೆ ಕೇಳುತ್ತಿದ್ದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ವರ್ಷ ಹತ್ತಿದ ಚಾಳಿ. ರಾಜನ ಕಥೆಯಾಗಲಿ, ನರಿಯ ಕಥೆಯಾಗಲಿ, "ಕೊನೆಗೆ ಎಲ್ರೂ ಮನೆಗೆ ಬರ್ತಾರಾ? ಮೊದ್ಲು ಅದು ಹೇಳು" ಎನ್ನುತ್ತಿದ್ದ. ಬರ್ತಾರೆ ಎಂದ ಮೇಲೆಯೇ ಕೇಳಲು ಕೂರುತ್ತಿದ್ದ. ಒಂದು ಸಂಜೆ ಅವನಿಗೆ ಕಥೆ ಬೇಕಿರಲಿಲ್ಲ, ಕೊನೆ ಮಾತ್ರ ಬೇಕಿತ್ತು. ನನಗೆ ಆಗಲೇ ಗೊತ್ತಾಗಿತ್ತು. ಆದರೂ ಅಮ್ಮ ಬರ್ತಾಳೆ ಅಂದೆ.'

ವಿಮರ್ಶಕರಿಗೆ ಅಳು ಬಂತು. ಇದರಲ್ಲಿ ವ್ಯಂಗ್ಯ ಮಾಡಲು ನನಗೇನೂ ಸಿಗಲಿಲ್ಲ, ಹುಡುಕಿದೆ. ಏನೂ ಅನ್ನಿಸ್ಲಿಲ್ವಾ ಎಂದು ಕೇಳಿದವಳಿಗೆ ತಾವು ಮುಖಪುಟ ಹೊಗಳಿದ್ದು ನೆನಪಾಗಿ ಅವರಿಗೆ ನಾಚಿಕೆಯಾಯಿತು. ಅಧ್ಯಾಯ ಇನ್ನೂ ಇತ್ತು. ಅವರು ಕ್ಲಿಪ್ ತೆಗೆದರು.

೫

ಈಗ ಮುಕ್ತಾಯ. ಗ್ರಾಹಕರ ಅನುಕೂಲಕ್ಕೆ ಎರಡು ನಮೂನೆ ಇಟ್ಟಿದ್ದೇನೆ.

ಅ) ವಿಮರ್ಶಕರು ಬರೆದದ್ದನ್ನು ಅಳಿಸಿ, ಅಕ್ಕನ ಪುಸ್ತಕವನ್ನು ಮೆಚ್ಚಿದ ಪಟ್ಟಿಯ ತಲೆಗೇರಿಸುತ್ತಾರೆ. (ಸ್ವಂತ ಅಕ್ಕನಿಗೇ ಬೆಣ್ಣೆ ಹಚ್ಚಿದ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಅವರ ಮಟ್ಟಿಗೆ ಅದೊಂದೇ ನಿಜವಾದ ಮೆಚ್ಚುಗೆಯಾಗಿರುವುದರಿಂದ ಯಾರೂ ನಂಬುವುದಿಲ್ಲ.)

ಆ) ಬರೆದದ್ದು ಬರೆದ ಹಾಗೇ ಅಚ್ಚಾಗುತ್ತದೆ. ಭಾನುವಾರ ಅಕ್ಕ ಫೋನ್ ಮಾಡಿ, "ಚೆನ್ನಾಗಿ ಬರ್ದಿದ್ದೀಯ ಕಣೋ, ಊಟಕ್ಕೆ ಬಾ" ಎನ್ನುತ್ತಾಳೆ. (ಇದು ಬೈಗುಳಕ್ಕಿಂತ ಕಷ್ಟ.)

ಎರಡನ್ನೂ ಅವರ ಮುಂದಿಟ್ಟೆ. ಅಷ್ಟರಲ್ಲಿ ಸಂಪಾದಕಿಯ ಫೋನ್ ಬಂತು. ಹೆಂಡತಿ ಎತ್ತಿಕೊಂಡರು.

"ಈಗ ಕೊಡೋಕಾಗಲ್ಲಮ್ಮ. ಪುಸ್ತಕ ಓದ್ತಿದ್ದಾರೆ."

ಸಂಪಾದಕಿ ಗಾಬರಿಯಾದರು. "ಓದ್ತಿದ್ದಾರಾ? ಸರ್ ಹುಷಾರಾಗಿದ್ದಾರೆ ತಾನೇ?"

ಸಂಜೆ ಹತ್ತಿರವಾಗುತ್ತಿತ್ತು. ಪರದೆಯ ಮೇಲೆ 'ಪುಟಪುಟದಲ್ಲೂ' ಹಾಗೇ ಮಿನುಗುತ್ತಿತ್ತು. ನಾನು ಅವರ ಭುಜ ಮುಟ್ಟಿ ಕೇಳಿದೆ: "ಯಾವುದಾದ್ರೂ ಒಂದು ಹೇಳಿ ಸ್ವಾಮಿ. ಓದುಗರು ಕಾಯ್ತಿದ್ದಾರೆ. ಅ-ನೋ, ಆ-ನೋ?"

ವಿಮರ್ಶಕರು ತಲೆ ಎತ್ತಲಿಲ್ಲ. "ಸ್ವಲ್ಪ ಸುಮ್ಮನಿರ್ತೀರಾ? ಕೊನೆ ಹೇಳ್ಬೇಡಿ."

ನನಗೂ ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಅವರು ಆಗಲೇ ಪುಟ ತಿರುವಿದ್ದರು.