ಗಾಜಿನ ಹಿಂದಿನ ಕೀಲಿ

ನೆಬ್ರಾಸ್ಕಾದ ನಮ್ಮ ಪುಟ್ಟ ಊರಿನ ವಿಮಾನ ನಿಲ್ದಾಣಕ್ಕೆ ಗೇಟ್ ಇದೆ. ಅದನ್ನು ಮುಚ್ಚಿದ್ದನ್ನು ಕಂಡವರಿಲ್ಲ.

ನನ್ನ ಮಾವ ಆರ್ವಲ್ ತಮ್ಮ ನಾಲ್ಕು ಸೀಟಿನ ವಿಮಾನ ನಿಲ್ಲಿಸಿದರೆ ಕೀಲಿಯನ್ನು ಮುಂದಿನ ಗಾಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ಬಾಗಿಲಿಗೂ ಬೀಗ ಹಾಕುತ್ತಿರಲಿಲ್ಲ.

ನಿಲ್ದಾಣ ನೋಡಿಕೊಳ್ಳುವ ಲೋರ್ನಾ ಎಷ್ಟೋ ಸಲ ಹೇಳಿದ್ದಳು. "ಆರ್ವಲ್, ಕೀಲಿ ಜೇಬಿಗೆ ಹಾಕ್ಕೊಳ್ಳಿ."

"ಸುಮ್ನಿರಮ್ಮ. ಕೀಲಿ ಹೊರಗೆ ಕಂಡ್ರೆ ಇಂಜಿನ್ ಆಫ್ ಆಗಿದೆ ಅಂತ ಮೂತಿಯ ಫ್ಯಾನ್ ಹತ್ರ ಹೋಗೋರಿಗೆ ಧೈರ್ಯ. ನಲವತ್ತು ವರ್ಷದ ಅಭ್ಯಾಸ. ಈ ಮುದಿ ವಿಮಾನ ಕದಿಯೋನಿಗೆ ನಾನೇ ಪೆಟ್ರೋಲ್ ಹಾಕ್ಸಿ ಕೊಡ್ತೀನಿ!"

ಕಳೆದ ಮಂಗಳವಾರ ಮಾವನಿಗೆ ಸ್ಯಾಂಡ್‌ವಿಚ್ ಒಯ್ದಿದ್ದೆ. ಮರುದಿನ ಅವರು ನನ್ನ ಮಗಳು ಟೆಸ್ಸಾಳನ್ನು ಹೃದಯದ ತಪಾಸಣೆಗೆ ಒಮಾಹಾ ನಗರಕ್ಕೆ ವಿಮಾನದಲ್ಲಿ ಕರೆದೊಯ್ಯಬೇಕಿತ್ತು. ನೋಡಿದರೆ ವಿಮಾನದೊಳಗೆ ಯಾರೋ ಕೂತಿದ್ದಾನೆ! ಹಾರುವವರು ಮೊದಲು ವಿಮಾನವನ್ನು ಒಂದು ಸುತ್ತು ನೋಡುತ್ತಾರೆ, ನೆಲಕ್ಕೆ ಕಟ್ಟಿದ ಹಗ್ಗ ಬಿಚ್ಚುತ್ತಾರೆ. ಇಲ್ಲಿ ಬಾಲದ ಹಗ್ಗ ಬಿಗಿಯಾಗಿಯೇ ಇತ್ತು.

"ಯಾರು ಬೇಕಿತ್ತಪ್ಪಾ?" ದೂರದಿಂದಲೇ ಕೂಗಿದೆ.

"ಸುಮ್ನೆ ನೋಡ್ತಿದ್ದೆ," ಎಂದವನೇ ಇಳಿದು ಕಾರು ಹತ್ತಿ ಹೊರಟ. ಗಾಜಿನ ಹಿಂದಿರುತ್ತಿದ್ದ ಕೀಲಿ ಇಂಜಿನ್ ಸ್ವಿಚ್ಚಿನಲ್ಲಿ ತೂಗಾಡುತ್ತಿತ್ತು.

ನನ್ನ ಕೂಗು ಕೇಳಿ ಮಾವನ ಜೊತೆ ಆಫೀಸಿನಿಂದ ಹೊರಬಂದ ಲೋರ್ನಾ ಕಾರಿನ ನಂಬರ್ ಬರೆದುಕೊಂಡು ಪೊಲೀಸರಿಗೆ ಫೋನ್ ಮಾಡಿದಳು.

"ಏನೂ ಹೋಗಿಲ್ವಲ್ಲ, ಬಿಡಮ್ಮ," ಅಂದರು ಮಾವ.

"ಏನೂ ಹೋಗಿಲ್ಲ, ಸರಿ. ಒಳಗೆ ಏನೇನು ತಿರುಗಿಸಿದ್ದಾನೆ, ಅದು ಗೊತ್ತಾ? ನಾಳೆ ಟೆಸ್ಸಾ ಕೂರೋದು ಇದ್ರಲ್ಲೇ ತಾನೇ?" ಲೋರ್ನಾ ಬಿಡಲಿಲ್ಲ.

ಮಾವ ಕಚ್ಚಿದ ಸ್ಯಾಂಡ್‌ವಿಚ್ಚನ್ನು ಹಾಗೆಯೇ ಕಾಗದದಲ್ಲಿ ಸುತ್ತಿಟ್ಟರು. ಮೆಕ್ಯಾನಿಕ್ ಸಂಜೆಯವರೆಗೆ ಒಂದೊಂದನ್ನೂ ಪರೀಕ್ಷಿಸಿ ಸರಿಯಿದೆ ಎಂದ ಮೇಲೆಯೇ ಮನೆಗೆ ಬಂದರು.

"ಲೋರ್ನಾ ಹೇಳಿದ್ದು ಸರಿ ಕಣಮ್ಮ. ಆದ್ರೆ ಫ್ಯಾನ್ ಹತ್ರ ಹೋಗೋರಿಗೆ ಗೊತ್ತಾಗೋದು ಹೇಗೆ?"

ಟೆಸ್ಸಾಳ ಹಳೇ ಕೆಂಪು ಲಂಗದ ತುಂಡು ಹೊಲಿದು ಪಟ್ಟಿ ಮಾಡಿಕೊಟ್ಟೆ. ಅದರ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದಳು: "ಇಂಜಿನ್ ಆಫ್. ಕೀಲಿ ತಾತನ ಜೇಬಲ್ಲಿದೆ."

ಬುಧವಾರ ಒಮಾಹಾದ ಡಾಕ್ಟರ್ "ಇನ್ನು ಆರು ತಿಂಗಳು ಬರಬೇಡಿ" ಎಂದು ನಗುತ್ತಾ ಕಳಿಸಿದರು. ಊರಿಗೆ ಮರಳಿದ ಮಾವ ಸ್ವಿಚ್ ಆಫ್ ಮಾಡಿ ಕೀಲಿ ತೆಗೆದರು, ಗಾಜಿನ ಹಿಂದೆ ಪಟ್ಟಿ ತೂಗುಹಾಕಿದರು, ಬಾಗಿಲಿಗೆ ಬೀಗ ಹಾಕಿದರು. ಫ್ಯಾನಿಗೆ ಲೋರ್ನಾ ಕೊಟ್ಟ ಸರಪಳಿ ಬೀಗ.

"ಗೇಟು, ತಾತಾ?" ಕಾರಿನಲ್ಲಿ ಟೆಸ್ಸಾ ನೆನಪಿಸಿದಳು. ಮಾವ ಗೊಣಗುತ್ತಾ ಇಳಿದು ಅದನ್ನೂ ಮುಚ್ಚಿ ಬಂದರು.

ನಿಮ್ಮ ಮನೆಯಲ್ಲೂ ಹಾರುವವರಿದ್ದರೆ ಇವತ್ತೇ ಕೇಳಿ, ಕೀಲಿ ಎಲ್ಲಿದೆ ಎಂದು. ನಿಲ್ದಾಣದಲ್ಲಿ ಹೊಸಬರು ಕಂಡರೆ ನಗುತ್ತಲೇ ಮಾತಾಡಿಸಿ. ಅನುಮಾನ ಬಂದರೆ ಕೂಡಲೇ ಪೊಲೀಸರಿಗೆ ಫೋನ್ ಮಾಡಿ. ಆ ಸೀಟಿನಲ್ಲಿ ನಾಳೆ ಕೂರುವುದು ನಿಮ್ಮದೇ ಮಗು.