ಎದುರು ಮನೆಗೆ ಹೋಗುವ ತಟ್ಟೆ

ತಾಲ್ತಾಲ್ ಊರಿನಲ್ಲಿ ಮೊದಲ ಸಲ ಬಸ್ಸಿಳಿದಾಗ ಥೇನ್ ಲೀವಿಟ್‌ಗೆ ಇಪ್ಪತ್ತು ವರ್ಷ. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಮೀಸೆ ಸರಿಯಾಗಿ ಚಿಗುರದ ಹುಡುಗರಿಗೆ ಮಾರ್ಮನ್ ಪಂಥದ ಕ್ರೈಸ್ತರು ‘ಎಲ್ಡರ್’, ಅಂದರೆ ಹಿರಿಯ, ಎಂದು ಹೆಸರಿಟ್ಟು ಎರಡು ವರ್ಷ ಸುವಾರ್ತಾ ಸೇವೆಗೆ ಕಳಿಸುತ್ತಾರೆ. ಹಿರಿತನ ಬರುವುದು ಆಮೇಲೆ, ಬಂದರೆ.

ಈಗ ನಲವತ್ತೈದು. ಸೇವೆ ಮಾಡಿದ ಊರುಗಳನ್ನೆಲ್ಲ ಮತ್ತೊಮ್ಮೆ ನೋಡಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಐಡಹೊದಿಂದ ಚಿಲಿಗೆ ಬಂದಿದ್ದ. ತೊಕೊಪಿಯಾದಲ್ಲಿ ಅವನ ಕೈಯಿಂದ ದೀಕ್ಷಾಸ್ನಾನ ಪಡೆದವರಲ್ಲಿ ಇಬ್ಬರು ಸಿಕ್ಕಿದರು. ಒಬ್ಬಳು ತಬ್ಬಿಕೊಂಡು ಅತ್ತಳು, ಇನ್ನೊಬ್ಬ ಮುಖ ನೋಡಿ ಬಾಗಿಲು ಹಾಕಿಕೊಂಡ. ಅವೆಲ್ಲ ನೆಪ. ಅವನು ಬಂದದ್ದು ಇಲ್ಲಿ, ತಾಲ್ತಾಲ್‌ನಲ್ಲಿ, ಉಬೆರ್ಲಿಂಡಳ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ.

ಅವನ ಮಗಳು, ತಾನೂ ಸೇವೆಗೆ ಹೊರಟು ನಿಂತವಳು, ಒಂದು ದಿನ ಊಟದ ನಡುವೆ ಕೇಳಿದ್ದಳು: “ಅಪ್ಪ, ದೇವರಿಂದ ಉತ್ತರ ಬಂತು ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತು?” ಲೀವಿಟ್ ಅರ್ಧ ಊಟಕ್ಕೇ ಎದ್ದಿದ್ದ.

ಉಬೆರ್ಲಿಂಡ ಮತ್ತು ನಿಬಾಲ್ದೋ ಹನ್ನೊಂದು ವರ್ಷ ಒಟ್ಟಿಗೆ ಬಾಳಿದವರು. ಮದುವೆಯಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ನಿಬಾಲ್ದೋನನ್ನು ಬಿಟ್ಟುಹೋದ ಮೊದಲ ಹೆಂಡತಿ ಒವಾಯೆ ಎಂಬ ಊರಲ್ಲಿ ಬದುಕಿದ್ದಳು, ಚಿಲಿಯಲ್ಲಿ ಆಗ ವಿಚ್ಛೇದನದ ಕಾನೂನೇ ಇರಲಿಲ್ಲ. ಮದುವೆಯಾಗದೆ ಕೂಡಿ ಬಾಳುವವರಿಗೆ ದೀಕ್ಷೆಯಿಲ್ಲ. ಉಬೆರ್ಲಿಂಡಳಿಗೆ ದೀಕ್ಷೆಯೂ ಬೇಕಿತ್ತು, ನಿಬಾಲ್ದೋನೂ ಬೇಕಿದ್ದ. ಕಾಯೋಣ ಎಂದಳು. ಲೀವಿಟ್‌ಗೆ ನಾಲ್ಕು ದಿನದಲ್ಲಿ ಬೇರೆ ಊರಿಗೆ ವರ್ಗವಿತ್ತು. ತನ್ನ ಕೈಯಿಂದಲೇ ಆಕೆ ನೀರಿಗಿಳಿಯಬೇಕು ಎಂಬ ಹಟ ಬೇರೆ. “ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದೆ, ಉತ್ತರ ಬಂತು. ಈತ ನಿಮ್ಮವನಲ್ಲ,” ಎಂದುಬಿಟ್ಟ. ನಿಜ ಹೇಳಬೇಕೆಂದರೆ ಅವನು ಮಂಡಿಯನ್ನೂ ಊರಿರಲಿಲ್ಲ, ಹೊದ್ದು ಮಲಗಿದ್ದ. ಬಾಗಿಲ ಬಳಿ ನಿಂತು ಕೇಳಿಸಿಕೊಂಡ ನಿಬಾಲ್ದೋ ವಾದಕ್ಕಿಳಿಯಲಿಲ್ಲ. ಮೊಳೆಯಿಂದ ಟೋಪಿ ತೆಗೆದ, ಬಟ್ಟೆ ಮಡಚಿ ಚೀಲಕ್ಕೆ ತುಂಬಿದ, “ಗೊತ್ತಾಯ್ತು, ಹೋಗ್ತೀನಿ,” ಎಂದ. ಶನಿವಾರ ದೀಕ್ಷೆಯಾಯಿತು.

ಬಾಗಿಲು ತೆರೆದ ಉಬೆರ್ಲಿಂಡಳಿಗೆ ಎಪ್ಪತ್ತಾಗಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಕೂದಲು ಹೋಗಿದೆ, ಹೊಟ್ಟೆ ಬಂದಿದೆ. ಈಗ ನೋಡಿ ಸರಿಯಾಗಿ ಎಲ್ಡರ್ ಆದ್ರಿ. ಬನ್ನಿ, ಕೂತ್ಕೊಳ್ಳಿ.”

ಹುರಿದ ಬಾರ್ಲಿಯ ಕಷಾಯ ಕೊಟ್ಟಳು. ಮಾರ್ಮನ್ನರಿಗೆ ಕಾಫಿ ನಿಷಿದ್ಧ; ಆಕೆ ಬಿಟ್ಟು ಇಪ್ಪತ್ತೈದು ವರ್ಷವಾಯಿತಂತೆ. ಬೆಳಿಗ್ಗೆ ಬಸ್‌ ನಿಲ್ದಾಣದಲ್ಲಿ ಕಾಫಿ ಕುಡಿದು ಬಂದಿದ್ದ ಲೀವಿಟ್‌ಗೆ ನಾಚಿಕೆಯಾಯಿತು. ಒಲೆಯ ಮೇಲಿದ್ದ ಕಾಳು–ಕುಂಬಳಕಾಯಿಯ ಸಾರನ್ನು ಆಕೆ ಒಂದು ತಟ್ಟೆಗೆ ಬಡಿಸಿ ಇನ್ನೊಂದು ತಟ್ಟೆ ಮುಚ್ಚಿದಳು.

“ಇದು ಯಾರಿಗಕ್ಕಾ?”

“ಎದುರು ಮನೆಗೆ. ನಿಬಾಲ್ದೋಗೆ.”

“ಅವರು ಊರು ಬಿಟ್ಟಿದ್ದಾರೆ ಅಂದ್ಕೊಂಡಿದ್ದೆ.”

“ಬಿಟ್ಟು ಎಲ್ಲಿಗೆ ಹೋಗ್ತಾನೆ? ಬೀದಿ ದಾಟಿ ಅಲ್ಲೇ ಒಂದು ಕೋಣೆ ಹಿಡಿದ. ದಿನಾ ತಟ್ಟೆ ಹೋಗುತ್ತೆ, ಖಾಲಿಯಾಗಿ ವಾಪಸ್ ಬರುತ್ತೆ. ಆ ಮನೆ ಒಡತಿ ಬಂದು ತಗೊಂಡು ಹೋಗ್ತಾಳೆ. ನಾನು ಆ ಹೊಸ್ತಿಲು ತುಳಿದಿಲ್ಲ.”

“ಆಮೇಲೆ ಕಾನೂನು ಬದಲಾಯ್ತಲ್ಲ?”

“ಆಯ್ತು. ವಿಚ್ಛೇದನದ ಕಾಗದ ಹಿಡ್ಕೊಂಡು, ಬೂಟಿಗೆ ಪಾಲಿಶ್ ಹಾಕ್ಕೊಂಡು ಬಂದ. ನೀವು ಕೂತಿರೋ ಕುರ್ಚಿನಲ್ಲೇ ಕೂತ. ಕಾನೂನು ಬದಲಾಗುತ್ತೆ ಕಣೋ, ದೇವರ ಮಾತು ಬದಲಾಗಲ್ಲ ಅಂದೆ.” ಆಕೆ ತಟ್ಟೆಯ ಅಂಚನ್ನು ಒರೆಸಿದಳು. “ನನಗೇನು ಆಸೆ ಇರ್ಲಿಲ್ವಾ, ಎಲ್ಡರ್? ಆದ್ರೆ ಉತ್ತರ ಬಂದಿತ್ತಲ್ಲ.”

ಎದ್ದು ಹೋಗಿಬಿಡಲೇ ಎಂದು ಲೀವಿಟ್‌ಗೆ ಅನ್ನಿಸಿತು. ಹೋಗಲಿಲ್ಲ.

“ಉತ್ತರ ಬಂದಿರ್ಲಿಲ್ಲ ಅಕ್ಕಾ. ನಾನು ಪ್ರಾರ್ಥನೆನೇ ಮಾಡಿರ್ಲಿಲ್ಲ. ನಾಲ್ಕು ದಿನ ಉಳಿದಿತ್ತು, ಅದಕ್ಕೆ ಸುಳ್ಳು ಹೇಳಿದೆ.”

“ಇನ್ನೊಂದ್ಸಲ ಹೇಳಿ.”

ಹೇಳಿದ. ಉಬೆರ್ಲಿಂಡ ಒಲೆ ಆರಿಸಿದಳು.

“ಆ ವಾರ ನಿಮ್ಮ ಅಂಗಿಗಳನ್ನೆಲ್ಲ ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ,” ಎಂದಳು. ಆಮೇಲೆ ಅಡುಗೆಯ ಮುಂಬಟ್ಟೆ ಬಿಚ್ಚಿಟ್ಟು ತಟ್ಟೆ ಎತ್ತಿಕೊಂಡಳು. “ಬನ್ನಿ. ನನಗೆ ಹೇಳಿದ್ದನ್ನ ಅವನಿಗೂ ಹೇಳಿ.”

ಎದುರು ಮನೆಯ ಒಡತಿ ಆಕೆಯನ್ನು ಕಂಡು ಗಾಬರಿಯಿಂದ ದಾರಿ ಬಿಟ್ಟಳು. ನಿಬಾಲ್ದೋ ಕಿಟಕಿಗೆ ಮುಖ ಮಾಡಿ ಕೂತಿದ್ದ. ಕಿಟಕಿಯಿಂದ ಉಬೆರ್ಲಿಂಡಳ ಬಾಗಿಲು ಕಾಣುತ್ತಿತ್ತು.

“ನಿಬಾಲ್ದೋ, ನಾನು ಬಂದಿದ್ದೀನಿ.”

ಅವನು ನೋಡಿದ್ದು ತಟ್ಟೆಯನ್ನು. “ಅಲ್ಲಿಡಮ್ಮ. ಚೆನ್ನಾಗಿತ್ತು ಅಂತ ಆ ಎದುರು ಮನೆಯವಳಿಗೆ ಹೇಳು.”

“ಮರೆವು ಅಂತ ನಾನು ಹೇಳಿದ್ದೆನಲ್ಲ,” ಎಂದಳು ಒಡತಿ, ತಪ್ಪು ತನ್ನದೇ ಎಂಬಂತೆ.

“ಹೇಳಿದ್ದೆ. ನನ್ನನ್ನೂ ಮರೀತಾನೆ ಅಂತ ಹೇಳಿರ್ಲಿಲ್ಲ.”

ಲೀವಿಟ್ ತಲೆ ಬಗ್ಗಿಸಿ ಒಳಗೆ ಬಂದ. ಮುದುಕ ಕಣ್ಣೆತ್ತಿದ. ಬಹಳ ಹೊತ್ತು ನೋಡಬೇಕಾಗಲಿಲ್ಲ, ಗುರುತು ಹತ್ತಿತು.

“ಎಲ್ಡರ್,” ಎಂದ. ಗೋಡೆ ಹಿಡಿದು ಎದ್ದು ಮೊಳೆಯಿಂದ ಟೋಪಿ ತೆಗೆದ. ಮಂಚದ ಕೆಳಗಿನ ಚೀಲ ಎಳೆದು, ಗೂಟದ ಮೇಲಿದ್ದ ಅಂಗಿಗಳನ್ನು ಮಡಚಿ ಒಂದೊಂದಾಗಿ ತುಂಬತೊಡಗಿದ. “ಗೊತ್ತಾಯ್ತು, ಹೋಗ್ತೀನಿ.”

“ಬೇಡ, ಕೂತ್ಕೊಳ್ಳಿ. ನಾನು ಹೇಳಿದ್ದು ಸುಳ್ಳು,” ಎಂದ ಲೀವಿಟ್. ನಿಬಾಲ್ದೋ ಮರ್ಯಾದೆಯಿಂದ ತಲೆಯಾಡಿಸಿ ಇನ್ನೊಂದು ಅಂಗಿ ಮಡಚಿದ. ಉಬೆರ್ಲಿಂಡ ಪಕ್ಕದಲ್ಲಿ ಕೂತು ಅವನು ತುಂಬಿದ್ದನ್ನು ಹೊರಗೆ ತೆಗೆಯುತ್ತಿದ್ದಳು. ಅವನು ತಾಳ್ಮೆಯಿಂದ ಮತ್ತೆ ತುಂಬುತ್ತಿದ್ದ.

“ನೀವು ಆಚೆ ಹೋಗಿ,” ಎಂದಳು ಲೀವಿಟ್‌ಗೆ. “ನೀವು ಕಣ್ಣಿಗೆ ಕಾಣೋವರೆಗೂ ಇವನು ನಿಲ್ಲಿಸಲ್ಲ.”

ಅವನು ಬೀದಿಗೆ ಬಂದು ನಿಂತ. ಬಾಗಿಲು ತೆರೆದೇ ಇತ್ತು, ಒಳಗಿನ ಮಾತು ಕೇಳುತ್ತಿತ್ತು.

“ಎಲ್ಡರ್ ಹೋದ್ರಾ?”

“ಹೋದ್ರು.”

“ಹಾಗಾದ್ರೆ ನಾನು ಇಲ್ಲೇ ಇರಬಹುದಾ? ಆ ಎದುರು ಮನೆಯವಳನ್ನ ಒಂದು ಮಾತು ಕೇಳ್ಕೊಂಡು ಬರ್ತೀಯಾಮ್ಮ?”

ಉಬೆರ್ಲಿಂಡ ಹೊರಗೆ ಬಂದಳು. ಲೀವಿಟ್ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಅವನನ್ನು ಹಾದು ಬೀದಿ ದಾಟಿ, ತನ್ನ ಮನೆಯೊಳಗೆ ಹೋಗಿ, ಖಾಲಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತಳು. ಮತ್ತೆ ಬೀದಿ ದಾಟಿದಳು.

“ಇರಬಹುದಂತೆ,” ಎಂದದ್ದು ಹೊರಗಿದ್ದವನಿಗೂ ಕೇಳಿಸಿತು.