ಗಾಜಿನಾಚೆಯ ಪುಸ್ತಕ

ತಿಮ್ಮಣ್ಣನಿಗೆ ಓದುಗರೆಂದರೆ ಆಗುತ್ತಿರಲಿಲ್ಲ. ಬಾದಾಮಿಯ ಸ್ಟೇಷನ್ ರಸ್ತೆಯ ವಾಚನಾಲಯ ನೋಡಿಕೊಳ್ಳುವವನಿಗೆ ಇದಕ್ಕಿಂತ ಕೆಟ್ಟ ಕಾಯಿಲೆ ಬೇಕೆ? ಕಳೆದುಹೋದ ಪುಸ್ತಕದ ಬೆಲೆಯನ್ನು ಅವನ ಪಗಾರದಲ್ಲೇ ಮುರಿಯುವ ಪದ್ಧತಿ. ಹಾಗಾಗಿ ಹೊರಗೆ ಹೋಗದ ಪುಸ್ತಕವೇ ಒಳ್ಳೆಯ ಪುಸ್ತಕವೆಂದು ತೀರ್ಮಾನಿಸಿ, ಎಲ್ಲವನ್ನೂ ಗಾಜಿನ ಬಾಗಿಲಿನ ಕಪಾಟುಗಳಲ್ಲಿಟ್ಟು ಕೀಲಿ ಜಡಿದಿದ್ದ. ಯಾರು ಏನು ಕೇಳಿದರೂ ತಲೆಯೆತ್ತದೆ "ಇಲ್ಲ" ಎನ್ನುತ್ತಿದ್ದ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರೂ ಅವನಿಗೆ ತಕ್ಕವರೇ. ಗಾಜಿನ ಹೊರಗೇ ನಿಂತು ಪುಸ್ತಕದ ಬೆನ್ನುಗಳನ್ನು ಎಣಿಸಿ, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಿದ್ದರು.

೧೯೮೪ರ ಬೇಸಿಗೆಯಲ್ಲಿ ಈ ನೆಮ್ಮದಿಗೆ ಕಲ್ಲು ಬಿತ್ತು. ಮೇಲಿನ ಕಚೇರಿಯಿಂದ ಬಸ್ಸಿನ ಮೇಲೆ ಒಂದು ಗೋಣಿಚೀಲ ಬಂತು. ಒಳಗೆಲ್ಲ ಅಚ್ಚಾದ ಕಾರ್ಡುಗಳು: ಪುಸ್ತಕಕ್ಕೊಂದು ಕಾರ್ಡು, ಅದರಲ್ಲಿ ಹೆಸರು, ಬರೆದವರು, ಕಪಾಟಿನ ನಂಬರು. ತಿಮ್ಮಣ್ಣನೇ ಹಿಂದೆಂದೋ ಕಳಿಸಿದ್ದ ದಾಖಲೆ ನೋಡಿ ಎಲ್ಲವನ್ನೂ ಒಟ್ಟಿಗೆ ಅಚ್ಚುಹಾಕಿಸಿದ್ದರು. ಜೊತೆಗೆ ಉದ್ದ ಡ್ರಾಯರುಗಳ ಒಂದು ಪೆಟ್ಟಿಗೆ. ಬಾಗಿಲ ಬಳಿಯೇ ಇಡಬೇಕೆಂಬ ಹುಕುಂ. ಇನ್ನು ಯಾರು ಬೇಕಾದರೂ ಡ್ರಾಯರು ಎಳೆದು, ಯಾವ ಪುಸ್ತಕ ಎಲ್ಲಿದೆಯೆಂದು ತಾವೇ ನೋಡಬಹುದು.

ತಿಮ್ಮಣ್ಣನ ಮೈ ಉರಿದುಹೋಯಿತು. "ನಾ ಇಲ್ಲ ಅಂದ್ರ ಇಲ್ಲ. ಈ ರಟ್ಟಿನ ಚೂರು ಯಾವುದು ನನ್ನ ಮ್ಯಾಲ ಸಾಕ್ಷಿ ಹೇಳಾಕ?" ಎಂದು ಚೀಲವನ್ನು ಮೂಲೆಗೆ ಒದ್ದ. ಕೊನೆಗೆ ಮೇಲಿನವರೇ ಆಳು ಕಳಿಸಿ ಕಾರ್ಡುಗಳನ್ನು ಡ್ರಾಯರಿಗೆ ತುಂಬಿಸಿದರು.

ಮರುದಿನವೇ ಸತ್ಯವ್ವ ಬಂದಳು. ಕುಳಗೇರಿ ಕ್ರಾಸ್ ಕಡೆಯ ಕುರಿಗಾರರ ಮನೆಯ ಹೆಣ್ಣುಮಗಳು, ಹತ್ತನೆಯ ತರಗತಿ ಓದಿದವಳು. ಹೋದ ವರ್ಷ ಕುರಿರೋಗದ ಪುಸ್ತಕ ಕೇಳಿಕೊಂಡು ಎಷ್ಟೋ ಸಲ ಬಸ್ ಹತ್ತಿ ಬಂದು, ಪ್ರತಿ ಸಲವೂ "ಇಲ್ಲ" ಕೇಳಿ ಹೋಗಿದ್ದಳು. ಆ ವರ್ಷ ಅವರ ಮರಿಗಳು ಹೊಟ್ಟೆ ಉಬ್ಬಿ ಒಂದರ ಹಿಂದೊಂದು ಸತ್ತವು. ಉಳಿದವಕ್ಕೂ ಈಗ ಅದೇ ಶುರುವಾಗಿತ್ತು.

ಅವಳು ಡ್ರಾಯರು ಎಳೆದು, ಕಾರ್ಡು ಹುಡುಕಿ, ಗಟ್ಟಿಯಾಗಿ ಓದಿದಳು. "ಕುರಿ ರೋಗ ಮತ್ತು ಆರೈಕೆ. ಮೂರನೇ ಕಪಾಟ. ಇಲ್ಲೇ ಐತಲ್ರಿ ಅಣ್ಣಾರ?"

"ಕಾರ್ಡ್ ಇದ್ರ ಪುಸ್ತಕ ಇರಬೇಕಂತ ಏನಿಲ್ಲ."

"ಗಾಜಿನಾಗ ಕಾಣಾಕತ್ತೈತ್ರಿ. ನನಗೂ ಓದಾಕ ಬರತೈತಿ."

"ಕುರಿ ಕಾಯೋರಿಗೆ ಪುಸ್ತಕ ಯಾಕ ಬೇಕ?"

"ಕುರಿ ಸಾಯಾಕತ್ತಾವ, ಅದಕ್ಕ ಬೇಕ. ಕೀಲಿ ತಗೀರಿ."

ಪೇಪರು ಓದುತ್ತಿದ್ದವರೆಲ್ಲ ತಲೆಯೆತ್ತಿದರು. ತಿಮ್ಮಣ್ಣ ಹಲ್ಲು ಕಡಿಯುತ್ತ ಎದ್ದ. ವಾಪಸ್ ತಂದಾಗ ಒಂದು ಹಾಳೆಯ ತುದಿ ಮಡಿಚಿದ್ದರೂ ಇವಳನ್ನು ಬಿಡಬಾರದು ಎಂದುಕೊಳ್ಳುತ್ತ, ತುಕ್ಕು ಹಿಡಿದ ಕೀಲಿಯನ್ನು ಹೆಣಗಾಡಿ ತೆಗೆದು, ಪುಸ್ತಕವನ್ನು ಎಳೆದ.

ಬೆನ್ನಷ್ಟೇ ಕೈಗೆ ಬಂತು. ಹಿಂದೆ ಹಾಳೆಗಳಿರಬೇಕಾದಲ್ಲಿ ಕೆಂಪು ಮಣ್ಣು. ಗೋಡೆಯ ಕಡೆಯಿಂದ ಹತ್ತಿದ ಗೆದ್ದಲು ಬೆನ್ನಿನ ರಟ್ಟನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ತಿಂದಿತ್ತು. ಗಾಬರಿಯಿಂದ ಪಕ್ಕದ ಪುಸ್ತಕ ಎಳೆದ, ಅದರ ಪಕ್ಕದ್ದನ್ನೂ ಎಳೆದ. ಇಡೀ ಸಾಲೇ ಕುಸಿದು ಅವನ ಕಾಲ ಮೇಲೆ ಸುರಿಯಿತು.

ಸತ್ಯವ್ವ ಆ ಬೆನ್ನನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಹೋದ ವರ್ಷ ನಾ ಕೇಳಿದಾಗ ಇದು ಇತ್ತೇನ್ರಿ?"

ತಿಮ್ಮಣ್ಣ ಬಗ್ಗಿ ಕಾಲ ಮೇಲಿನ ಮಣ್ಣು ಕೊಡವತೊಡಗಿದ.

"ಇಲ್ಲ ಇಲ್ಲ ಅಂತಿದ್ರಿ. ಈಗ ಖರೇನ ಇಲ್ಲಾತು ನೋಡ್ರಿ," ಎಂದು ರಟ್ಟನ್ನು ಅವನ ಕಾಲ ಬಳಿ ಎಸೆದು, ಬಸ್ಸಿಗೆ ಹೊರಟುಹೋದಳು.

ಪೇಪರು ಓದುತ್ತಿದ್ದವರಲ್ಲೊಬ್ಬನಾದ ಮಾಳಪ್ಪ ಅದನ್ನು ಬದಿಗಿಟ್ಟು ಎದ್ದು ಬಂದು ಇನ್ನೊಂದು ಡ್ರಾಯರು ಎಳೆದ. ಅವನ ಹಿಂದೆ ಉಳಿದವರೂ ಎದ್ದರು.

"ಐದನೇ ಕಪಾಟ, ತಿಮ್ಮಣ್ಣ," ಎಂದ ಮಾಳಪ್ಪ. "ತಗಿ ಕೀಲಿ."